ಕ್ಲಾಂಗ್ ತಂಡಕ್ಕೆ ಹೋದ ನಮ್ಮ ಸತೀಶ

ಸ್ನೇಹಿತರೇ, ಇವತ್ತು ಮಲೇಷ್ಯಾದ ನಿಲಾಯ್ ಮೈದಾನದಲ್ಲಿ ಗೆದ್ದಿದ್ದರೆ ನಮ್ಮ ಮಾಂಟ್ ಕಿಯಾರಾ ಕನ್ನಡಿಗರ ಕ್ರಿಕೆಟ್ ತಂಡ ಫೈನಲ್‌ಗೆ ಹೋಗುತ್ತಿತ್ತು. ನಮ್ಮನ್ನು ಉರುಳಿಸಿದವನು ಕ್ಲಾಂಗ್ ತಂಡದ ಸತೀಶ. ಹೋದ ವರ್ಷ ವಯಸ್ಸಾಯಿತೆಂದು ನಾವೇ ಕೈಬಿಟ್ಟ ಬೌಲರ್! ಆಗ ವಿರೋಧಿಸಿದವನು ನಾನೊಬ್ಬನೇ. ಅದು ಯಾರಿಗೂ ನೆನಪಿಲ್ಲ, ನನಗಿದೆ. ಇವತ್ತು ಅವನ ಪ್ರತಿ ವಿಕೆಟ್‌ಗೂ ನಮ್ಮ ನಮ್ಮ ಮನೆಯವರೇ ಎದ್ದು ಚಪ್ಪಾಳೆ ತಟ್ಟಿದರು.

ಆಟ ಮುಗಿದ ಮೇಲೆ ನಮ್ಮ ನಾಯಕ ಸತೀಶನ ಮೇಲೆ ಸಿಡುಕಿದ: "ಯಾರ್ ಯಾವ ಶಾಟ್ ಹೊಡೀತಾರೆ ಅಂತ ನಿಂಗೆ ಹೆಂಗೋ ಗೊತ್ತಾಯ್ತು?"

"ನೀನೇ ನಿನ್ನೆ ನಿಮ್ ಟೀಮ್ ವಾಟ್ಸ್ಯಾಪ್ ಗ್ರೂಪಲ್ಲಿ ಹಾಕಿದ್ಯಲ್ಲ ಮಾರಾಯ! ನಾನಿನ್ನೂ ಅದ್ರಲ್ಲೇ ಇದೀನಿ ಲಾ," ಎಂದು ಮಲೇಷ್ಯಾದವರ 'ಲಾ' ಸೇರಿಸಿ ಸತೀಶ ನಕ್ಕ.

ಸೋಲಿನ ವಿಮರ್ಶೆ ಈಗ ಅದೇ ಗ್ರೂಪಿನಲ್ಲಿ ನಡೆಯುತ್ತಿದೆ. ನಾಯಕನನ್ನು ಸಮಾಧಾನಪಡಿಸುತ್ತಿರುವವನು ಸತೀಶನೇ. ತಂಡದಿಂದ ತೆಗೆಯುವಾಗ ಒಂದು ಗಳಿಗೆಯೂ ಯೋಚಿಸದ ನಮಗೆ, ಗ್ರೂಪಿನಿಂದ ತೆಗೆಯಲು ಮಾತ್ರ ಇಂದಿಗೂ ದಾಕ್ಷಿಣ್ಯ.