ನೂರು ದಾಟದ ಕಲ್ಲೇಶಣ್ಣ

ನಮ್ಮ ಅಜ್ಜಂಪುರದಲ್ಲಿ ಈಗ ಫೋಟೋ ತೆಗೆಯುವವರು ಮನೆಗೊಬ್ಬರಿದ್ದಾರೆ. ಆದರೆ ಫೋಟೋ ತೆಗೆಸಿಕೊಳ್ಳಲು ಬಂದವರನ್ನು ಬೈಯುವ ಹಕ್ಕಿರುವುದು ಕಲ್ಲೇಶಣ್ಣನೊಬ್ಬನಿಗೇ. ನನ್ನ ಜೆರಾಕ್ಸ್ ಅಂಗಡಿಗೂ ಅವನ ಸ್ಟುಡಿಯೋಗೂ ನಡುವೆ ಒಂದೇ ಗೋಡೆ. ದಿನಕ್ಕೆ ಇಪ್ಪತ್ತು ಸಲ ಆಚೆಯಿಂದ "ಅಲ್ಲಾಡ್ಬೇಡ್ರೀ!" ಎಂಬ ಕೂಗು ಕೇಳುತ್ತದೆ. ಪಾಸ್‌ಪೋರ್ಟ್ ಸೈಜಿಗೆ ಬಂದ ಪಾಪದವರು ಉಸಿರೂ ಬಿಡದೆ ಕೂತಿರುತ್ತಾರೆ. ಹದಿನಾರು ವರ್ಷ ಕೇಳಿ ಕೇಳಿ ನನಗೂ ಅಭ್ಯಾಸವಾಗಿದೆ. ಆ ಕೂಗು ಬಿದ್ದರೆ ಜೆರಾಕ್ಸ್ ಹಾಳೆ ಹಿಡಿದ ನನ್ನ ಕೈಯೂ ಒಂದು ಕ್ಷಣ ನಿಲ್ಲುತ್ತದೆ.

ಅವನು ಕೆಲಸ ಕಲಿತದ್ದು ತರೀಕೆರೆಯ ಶಾಮಣ್ಣನವರ ಹತ್ತಿರ, ರೀಲಿನ ಕಾಲದಲ್ಲಿ. ಶಾಮಣ್ಣನವರು ನೂರರ ರೀಲು ಬಿಟ್ಟು ಬೇರೆ ಮುಟ್ಟಿದವರಲ್ಲ. ನೂರರ ರೀಲಿಗೆ ಬೆಳಕು ಜಾಸ್ತಿ ಬೇಕು, ಆದರೆ ಚಿತ್ರ ಬೆಣ್ಣೆಯ ಹಾಗೆ ಬರುತ್ತದೆ. ನಾನೂರರ ರೀಲಿಗೆ ಮಬ್ಬು ಬೆಳಕೂ ಸಾಕು, ಆದರೆ ದೊಡ್ಡದು ಮಾಡಿಸಿದರೆ ಚಿತ್ರದ ತುಂಬ ಕಾಳುಕಾಳು. ಒಮ್ಮೆ ಕಲ್ಲೇಶಣ್ಣ ಗುರುವಿಗೆ ಹೇಳದೆ ನಾನೂರರ ರೀಲು ಹಾಕಿಕೊಂಡು ಬುಕ್ಕಾಂಬುಧಿಯ ಮದುವೆಗೆ ಹೋಗಿದ್ದನಂತೆ. "ಮದುಮಗಳ ಮುಖಕ್ಕೆ ರವೆ ಎರಚಿದ್ದೀಯೇನೋ?" ಎಂದು ಶಾಮಣ್ಣನವರು ಫೋಟೋ ಎಸೆದರು. ಆವತ್ತಿನಿಂದ ಅವನು ನೂರು ದಾಟಲಿಲ್ಲ. ರೀಲು ಹೋಗಿ ಡಿಜಿಟಲ್ ಬಂತು, ರೀಲಿನ ನಂಬರಿನ ಜಾಗಕ್ಕೆ ಐಎಸ್‌ಒ ಬಂತು. ಅದನ್ನೂ ನೂರಕ್ಕೆ ತಿರುಗಿಸಿ ಬೀಗ ಜಡಿದವನ ಹಾಗೆ ಕೂತ. ಆಟೋ ಅಂತ ಒಂದಿದೆಯಂತಲ್ಲಣ್ಣ ಎಂದರೆ, "ಸ್ಟ್ಯಾಂಡಲ್ಲೈತೆ, ಹೋಗಿ ಹತ್ಕೋ" ಎನ್ನುವನು.

ಅವನ ಅವ್ವ ಮಲ್ಲಿಕಾಂಬಜ್ಜಿಗೆ ಎಂಟು ವರ್ಷದಿಂದ ತಲೆ ಅಲ್ಲಾಡುತ್ತದೆ. ನೋವಿಲ್ಲ, ನರಳಾಟವಿಲ್ಲ. ಯಾರೋ ಏನೋ ಕೊಡಲು ಬಂದಾಗ ಬೇಡ ಬೇಡ ಎನ್ನುವ ಹಾಗೆ ತಲೆ ತನ್ನ ಪಾಡಿಗೆ ಆಡುತ್ತಿರುತ್ತದೆ, ಅಷ್ಟೆ. ವಯಸ್ಸಿನದು, ಹೆದರಬೇಡಿ ಎಂದರು ಕಡೂರಿನ ಡಾಕ್ಟರು. ಕಣ್ಣಿನ ಆಪರೇಷನ್ ಆದಮೇಲೆ ಬಿಸಿಲಿಗೆ ನಿಲ್ಲಿಸಿದರೂ ಫ್ಲ್ಯಾಶ್ ಹೊಡೆದರೂ ಅಜ್ಜಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ಹಾಗಾಗಿ ಮಗ ಅವರನ್ನು ಒಳಗೆ ಕಿಟಕಿಯ ಪಕ್ಕ ಕೂರಿಸಿ ತೆಗೆಯುತ್ತಿದ್ದ. ಪ್ರತಿ ಸಲವೂ ಸೀರೆಯ ಅಂಚು, ಕೈಬಳೆ ಎಲ್ಲ ಸ್ಪಷ್ಟ, ಮುಖ ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿದಂತೆ. "ಅಲ್ಲಾಡ್ಬೇಡವ್ವಾ!" ಎಂದು ಅವನು ರೇಗುವುದು, ಅಜ್ಜಿ ಎರಡು ಕೈಯಲ್ಲೂ ಗದ್ದ ಹಿಡಿದುಕೊಳ್ಳುವುದು. ಗೋಡೆಯ ಈಚೆ ಕೂತು ನಾನು ಅವನನ್ನೇ ಬೈದುಕೊಳ್ಳುತ್ತಿದ್ದೆ. ಕೊನೆಗೆ ಅಜ್ಜಿಯೇ ದೂರ ಸರಿದರು. ಮನೆಯಲ್ಲಿ ಏನೇ ಸಮಾರಂಭವಾಗಲಿ, ಕ್ಯಾಮೆರಾ ಕಂಡ ಕೂಡಲೇ ಅಡುಗೆಮನೆ ಸೇರಿಕೊಳ್ಳುವರು.

ಹೋದ ವರ್ಷ ಕಲ್ಲೇಶಣ್ಣನ ಮಗಳು ಧನ್ಯಶ್ರೀಗೆ ಗಂಡು ಗೊತ್ತಾಯಿತು. ನಿಶ್ಚಿತಾರ್ಥ ಅವರ ನಡುಮನೆಯಲ್ಲೇ.

"ಅಜ್ಜಿ ನನ್ ಪಕ್ಕ ಕೂತ್ಕೋಬೇಕು. ಇಲ್ದಿದ್ರೆ ಯಾವ ಫೋಟೋನೂ ಬೇಡ" ಎಂದಳು ಹುಡುಗಿ.

"ನಾನ್ ಬಂದ್ರೆ ನಿನ್ ಫೋಟೋ ಕೆಡ್ತದೆ ಕಣವ್ವ" ಎಂದರು ಅಜ್ಜಿ.

ಊರವರ ಮುಖವನ್ನೆಲ್ಲ ತೆಗೆದ ಕಲ್ಲೇಶಣ್ಣನ ಹತ್ತಿರ ಹೆತ್ತವ್ವನ ಮುಖದ ಈಚಿನ ಎಂಟು ವರ್ಷದ ಒಂದು ನೆಟ್ಟಗಿನ ಫೋಟೋ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು.

ನಿಶ್ಚಿತಾರ್ಥಕ್ಕೆ ಐದು ದಿನ ಇರುವಾಗ ಅಜ್ಜಿ ಎಂದಿನಂತೆ ಸ್ಟುಡಿಯೋಗೆ ಊಟದ ಕ್ಯಾರಿಯರ್ ತಂದರು. ಕಲ್ಲೇಶಣ್ಣ ಯಾವುದೋ ಕೆಲಸಕ್ಕೆ ಬಸ್ ಸ್ಟ್ಯಾಂಡಿನ ಕಡೆ ಹೋಗಿದ್ದ. ಅಜ್ಜಿಗೆ ಜೊತೆಯಾಗಲೆಂದು ನಾನು ಹೋದೆ. ಕ್ಯಾಮೆರಾ ಮೇಜಿನ ಮೇಲಿತ್ತು. ನನಗೆ ಅದರ ತಲೆಬುಡ ತಿಳಿಯದು, ಆದರೆ ಕೈ ಸುಮ್ಮನಿರಬೇಕಲ್ಲ. ಮೇಲಿನ ಚಕ್ರ ತಿರುಗಿಸಿದೆ. ಹೂವಿನ ಗುರುತು, ಬೆಟ್ಟದ ಗುರುತು, ಓಡುವ ಮನುಷ್ಯನ ಗುರುತು ಇದ್ದವು. ಓಡುವವನು ಹಿಡಿಸಿದ. ನನ್ನ ಪರದಾಟ ನೋಡಿ ಅಜ್ಜಿ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೂತು ನಗುತ್ತಿದ್ದರು. ಒತ್ತಿಯೇಬಿಟ್ಟೆ.

ಅಷ್ಟರಲ್ಲಿ ಬಂದ ಕಲ್ಲೇಶಣ್ಣ ಕ್ಯಾಮೆರಾ ಕಿತ್ತುಕೊಂಡ. "ಯಾರ್ ಮುಟ್ಟು ಅಂದ್ರು ಬೃಂದಾ ನಿನ್ಗೆ? ಎಂಬತ್ತು ವರ್ಷದೋಳ್ನ ಕೂರ್ಸ್ಕೊಂಡು ಓಟದ ಪಂದ್ಯದ ಗುರ್ತಲ್ಲಿ ಹೊಡ್ದಿದೀಯಲ್ಲ! ನೋಡಿಲ್ಲಿ, ಬರೀ ರವೆ..."

ರವೆ ಇತ್ತು, ಸುಳ್ಳಲ್ಲ. ಆದರೆ ಅಜ್ಜಿಯ ಮುಖವೂ ಇತ್ತು. ಹಣೆಯ ವಿಭೂತಿ, ಮುಂದಿನ ಹಲ್ಲಿನ ಸಂದು, ಬಾಯಿತುಂಬ ನಗು, ಎಲ್ಲ ಇತ್ತು.

ಅವನು ಪರದೆಯ ಮೇಲಿನ ಅಂಕಿ ನೋಡಿದ. ಬೆಳಕು ಒಳಬಿಡುವ ಶಟರ್ ಬಾಗಿಲು ತೆರೆದಿದ್ದದ್ದು ಒಂದು ಸೆಕೆಂಡಿನಲ್ಲಿ ಐನೂರನೇ ಒಂದು ಪಾಲು. ಐಎಸ್‌ಒ ಮೂರು ಸಾವಿರದ ಇನ್ನೂರು. ಅದೇ ಬೆಳಕಿನಲ್ಲಿ ಅವನು ಇಷ್ಟು ವರ್ಷ ಅವ್ವನನ್ನು ತೆಗೆದದ್ದು ಹದಿನೈದನೇ ಒಂದು ಪಾಲಿನಲ್ಲಿ. ಅಷ್ಟು ಹೊತ್ತು ಬಾಗಿಲು ತೆರೆದಿಟ್ಟರೆ ತಲೆ ಅತ್ತಿಂದಿತ್ತ ಹೋದದ್ದೆಲ್ಲ ಒಂದರ ಮೇಲೊಂದು ಬೀಳದೆ ಇನ್ನೇನಾಗುತ್ತದೆ? ಬಾಗಿಲು ಬೇಗ ಮುಚ್ಚಬೇಕಾದರೆ ಸಿಕ್ಕಷ್ಟು ಬೆಳಕಿನಲ್ಲೇ ಕೆಲಸ ಮುಗಿಯಬೇಕು. ಅದಕ್ಕೆ ಐಎಸ್‌ಒ ಏರಬೇಕು. ಓಡುವವನ ಗುರುತಿನಲ್ಲಿ ಕ್ಯಾಮೆರಾ ಅದನ್ನು ತಾನಾಗಿಯೇ ಏರಿಸಿಕೊಂಡಿತ್ತು. ನೂರಕ್ಕೆ ಬೀಗ ಜಡಿದವನು ಇವನು, ಬೈಸಿಕೊಂಡವರು ಅಜ್ಜಿ. ಆವತ್ತು ಅವನು ಕ್ಯಾರಿಯರ್ ಬಿಚ್ಚಲಿಲ್ಲ.

ಆಮೇಲಿನ ನಾಲ್ಕು ದಿನ ನನ್ನ ಅಂಗಡಿಯ ಫ್ಯಾನಿಗೆ ಬಿಡುವಿರಲಿಲ್ಲ. ಕಲ್ಲೇಶಣ್ಣ ಅವ್ವನ ತಲೆಯ ಬದಲು ಅದನ್ನು ಮೆಲ್ಲಗೆ ತಿರುಗಲು ಬಿಟ್ಟು, ಒಂದೊಂದು ಶಟರ್ ವೇಗದಲ್ಲಿ ಹೊಡೆದು, ರೆಕ್ಕೆ ಎಣಿಸಲು ಬರುತ್ತದೆಯೇ ಎಂದು ನೋಡುವನು. ಗಿರಾಕಿಗಳು ಏಣಿ ಮೇಲೆ ನಿಂತವನ ಕಾಲಡಿ ನುಸುಳಿ ಜೆರಾಕ್ಸ್ ಮಾಡಿಸಿಕೊಂಡು ಹೋದರು. ಇನ್ನೂರೈವತ್ತನೇ ಒಂದು ಪಾಲಿಗೆ ರೆಕ್ಕೆಗಳು ನಿಂತವು, ಐಎಸ್‌ಒ ಕೂಡ ಅರ್ಧಕ್ಕೆ ಇಳಿದು ರವೆ ಕಡಿಮೆಯಾಯಿತು. ಮೆನು ಹುಡುಕಿ ಐಎಸ್‌ಒ ಆಟೋಗೆ ಬಿಟ್ಟ. ಶಟರ್ ಇನ್ನೂರೈವತ್ತಕ್ಕಿಂತ ನಿಧಾನವಾಗದಂತೆ ಕಟ್ಟು ಹಾಕಿದ. "ಆಟೋ ಹತ್ತಿದ್ರಾ ಅಣ್ಣ?" ಎಂದೆ. ಒಂದು ಮಾತೂ ಬೈಯಲಿಲ್ಲ.

ನಿಶ್ಚಿತಾರ್ಥದ ದಿನ ನಡುಮನೆಯಲ್ಲಿ ಎಲ್ಲರೂ ಸಾಲಾಗಿ ನಿಂತರು. ಅಜ್ಜಿ ಆಗಲೇ ಅಡುಗೆಮನೆಯಲ್ಲಿ. ಕಲ್ಲೇಶಣ್ಣ ಒಳಗೆ ಹೋಗಿ ಕೈಹಿಡಿದು ಕರೆತಂದು ಧನ್ಯಶ್ರೀ ಪಕ್ಕ ಕುರ್ಚಿಯಲ್ಲಿ ಕೂರಿಸಿದ. ಅವನು ಕ್ಯಾಮೆರಾ ಎತ್ತಿದ್ದೇ ತಡ, ಅಜ್ಜಿ ಎರಡು ಕೈಯಲ್ಲೂ ಗದ್ದ ಹಿಡಿದುಕೊಂಡರು. ಇನ್ನೇನು ಕೂಗು ಬೀಳುತ್ತದೆಂದು ನಾವೆಲ್ಲ ಉಸಿರು ಹಿಡಿದೆವು.

ಅವನು ಕ್ಯಾಮೆರಾ ಇಳಿಸಿದ. "ಕೈ ತೆಗಿಯವ್ವ."

"ಕೆಡ್ತದಲ್ಲೋ ಮಗಾ."

"ನೀನೇನೂ ಕೆಡ್ಸಿಲ್ಲ. ಇಷ್ಟ್ ದಿನ ಕೆಡ್ಸಿದ್ದು ನಾನು." ಮತ್ತೆ ಕ್ಯಾಮೆರಾ ಎತ್ತಿದ. "ಅಲ್ಲಾಡವ್ವ. ಎಷ್ಟ್ ಬೇಕಾದ್ರೂ ಅಲ್ಲಾಡು."

ಅಜ್ಜಿ ಗದ್ದದಿಂದ ಕೈ ತೆಗೆದು ಮೊಮ್ಮಗಳ ಕೈಮೇಲೆ ಇಟ್ಟರು. ನಾನು ಅಳು ತಡೆಯಲಾರದೆ ಸೆರಗಿಗೆ ಮುಖ ಒತ್ತಿಕೊಂಡೆ. ಹಾಗಾಗಿ ಆ ಫೋಟೋದಲ್ಲಿ ಕೆಟ್ಟಿರುವುದು ನನ್ನೊಬ್ಬಳ ಮುಖ.

ಅದೀಗ ಸ್ಟುಡಿಯೋದ ಗೋಡೆಯ ಮೇಲಿದೆ. ಹತ್ತಿರ ಹೋದರೆ ಸ್ವಲ್ಪ ರವೆ ಕಾಣುತ್ತದೆ. ಕ್ಯಾರಿಯರ್ ತಂದಾಗೆಲ್ಲ ಅಜ್ಜಿ ಅದರ ಮುಂದೆ ನಿಂತು ತಮ್ಮ ಮುಖವನ್ನು ನೋಡಿಕೊಳ್ಳುತ್ತಾರೆ, ತಲೆ ಅಲ್ಲಾಡುತ್ತಲೇ ಇರುತ್ತದೆ.