ಕುಸ್ವಾರ್ ತಟ್ಟೆಯಲ್ಲಿ ಹಳ್ಳದ ನೀರು

ಆಗೆಲ್ಲ ಡಿಸೆಂಬರ್ ಬಂತೆಂದರೆ ಪಪ್ಪ ಕೆಲಸಕ್ಕಿದ್ದ ಕಾಫಿ ಎಸ್ಟೇಟಿಗೆ ಎರಡು ವಾಸನೆ. ಒಂದು, ಅಮ್ಮ ಕ್ರಿಸ್ಮಸ್ಸಿಗೆಂದು ಕರಿಯುತ್ತಿದ್ದ ಕುಸ್ವಾರ್ ತಿಂಡಿಗಳದು. ಇನ್ನೊಂದು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ಹುಳಿನಾತ. ಪಲ್ಪರ್ ನಡೆಸುತ್ತಿದ್ದವರು ನಮ್ಮ ಪಪ್ಪ, ಲಾರೆನ್ಸ್. ಅಜ್ಜನ ಕಾಲಕ್ಕೆ ಮಂಗಳೂರು ಕಡೆಯಿಂದ ಬಂದವರು ನಾವು. ಶಿರಾಡಿ ಘಾಟಿ ಹತ್ತುವಾಗಲೇ ಅರ್ಧ ಕೊಂಕಣಿ ಉದುರಿಹೋಗಿತ್ತೇನೋ, ಮನೆಯಲ್ಲೂ ಆನೇಮಹಲ್ ಕಡೆಯ ಕನ್ನಡವೇ.

ಎಸ್ಟೇಟಿನ ಸಾಲುಮನೆಗಳಲ್ಲಿ ಮೇಲಿನ ಲೈನಿನ ನಮಗೆ ಬಾವಿಯಿತ್ತು. ಕೆಳಗಿನ ಲೈನಿನ ಆಳುಗಳಿಗೆ ಹಳ್ಳವೇ ಗತಿ. ಹಣ್ಣು ಕುಯ್ಲು ಶುರುವಾದರೆ ಪಲ್ಪರ್ ತೊಳೆದ ನೀರೆಲ್ಲ ಆ ಹಳ್ಳಕ್ಕೇ ಇಳಿಯುತ್ತಿತ್ತು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷ, ನನ್ನ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದ ಕೆಳಗಿನ ಲೈನಿನ ಸುಧಾ ವಾಂತಿಭೇದಿಯಾಗಿ ಮಲಗಿಬಿಟ್ಟಳು. ಅವಳ ತಮ್ಮನನ್ನು ಸಕಲೇಶಪುರದ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಎಸ್ಟೇಟಿನ ಲೆಕ್ಕ, ಆಳುಗಳನ್ನು ನೋಡಿಕೊಳ್ಳುವ ರೈಟರಿಗೆ ಪಪ್ಪ ಹಳ್ಳದ ನೀರಿನ ವಿಷಯ ಮೂರು ಸಲ ಹೇಳಿದರು.

"ಪ್ರತಿ ವರ್ಸ ಇದ್ದಿದ್ದೇ ಕಣೋ ಮಾರಾಯ. ನಿಮ್ ಬಾವಿ ನೀರು ಚೆನ್ನಾಗೈತಲ್ಲ, ಸುಮ್ನಿರು" ಎಂದರು ರೈಟರು.

ಕ್ರಿಸ್ಮಸ್ ದಿನ ಚರ್ಚಿನಿಂದ ಬಂದ ಮೇಲೆ ಎಸ್ಟೇಟಿನ ಸಾಹುಕಾರರ ಬಂಗಲೆಗೆ ಕುಸ್ವಾರ್ ಕೊಡುವುದು ನಮ್ಮ ಪದ್ಧತಿ. ತಟ್ಟೆಯಲ್ಲಿ ಕರ್ಜಿಕಾಯಿಯಂಥ ನೆವ್ರಿ, ಕಿಡಿಯೊ, ಗುಳಿಯೊ ಜೋಡಿಸಿ, ಮೇಲೆ ಅಮ್ಮ ಹೆಣೆದ ಬಿಳಿ ಬಟ್ಟೆ. ತಟ್ಟೆ ಖಾಲಿ ವಾಪಸು ಬರಬಾರದು. ಬಂಗಲೆಯವರು ಕಿತ್ತಳೆ ತುಂಬಿಸಿ ಕೊಡುತ್ತಿದ್ದರು. ಆ ದಿನ ಪಪ್ಪ ನೆವ್ರಿಗಳ ನಡುವೆ ಹಳ್ಳದ ಕಂದು ನೀರು ತುಂಬಿದ ಬಾಟಲಿಯೊಂದನ್ನು ಮಲಗಿಸಿದರು.

ಅಮ್ಮನ ಮುಖ ಬಿಳಿಚಿತು. "ಕೆಲ್ಸ ಹೋದ್ರೆ ಮನೇನೂ ಹೋಯ್ತದೆ. ಈ ಮಗೀನ ಕಟ್ಕೊಂಡು ಎಲ್ಲಿಗೋಗಾಣ?"

"ದೇವ್ರು ಕೈಬಿಡಾಕಿಲ್ಲ ಅಂತ ದಿನಾ ಸಂಜೆ ಮೊಣಕಾಲೂರಿ ಹೇಳ್ತೀವಲ್ಲ, ಬರೀ ಬಾಯ್ಮಾತಿಗಾ? ಪಲ್ಪರ್ ಗೇಟು ತೆಗ್ದು ಹಳ್ಳಕ್ಕೆ ಆ ನೀರು ಬಿಡೋನು ನಾನೇ ಕಣೇ."

ಅಮ್ಮ ಬಾಟಲಿ ಎತ್ತಿ ಸೆರಗಿನಿಂದ ಒರೆಸಿ, "ಮುಚ್ಚಳ ಗಟ್ಟಿ ಹಾಕಿದೀರಾ? ನೆವ್ರಿ ನೆಂದೋಗ್ಬುಟ್ಟಾವು" ಎಂದು ತಾನೇ ಬಟ್ಟೆ ಮುಚ್ಚಿದಳು. ಹೆದರಿಕೆಯಾದಾಗಲೆಲ್ಲ ಅಮ್ಮನಿಗೆ ತಿಂಡಿಯ ಚಿಂತೆ.

ತಟ್ಟೆ ಹಿಡಿದು ಪಪ್ಪನ ಜೊತೆ ಹೋದವಳು ನಾನು. ಸಾಹುಕಾರರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಅವರ ಹೆಂಡತಿ ಅಮ್ಮಾವ್ರು ನಗುತ್ತಾ ಬಟ್ಟೆ ಸರಿಸಿ, ಬಾಟಲಿ ನೋಡಿ, ಮುಚ್ಚಳ ತೆಗೆದು ಮೂಗು ಹಿಂದೆಳೆದರು. "ಏನೋ ಇದು ಲಾರೆನ್ಸ?"

"ಕೆಳಗಿನ ಲೈನೋರು ಕುಡಿಯೋ ನೀರು ಅಮ್ಮಾವ್ರೇ, ನಮ್ ಪಲ್ಪರಿಂದು. ಬ್ಯಾರೆ ದಿನ ತಂದಿದ್ರೆ ಬಂಗ್ಲೆ ಗೇಟಲ್ಲೇ ತಡೀತಿದ್ರು. ಮಕ್ಳು ಮಲ್ಗವೆ. ತಪ್ಪಾದ್ರೆ ಹೊಟ್ಟೇಗಾಕ್ಕಳಿ."

ಸಾಹುಕಾರರ ಮುಖ ಕೆಂಪಾಯಿತು. "ನಾಳೆ ಬಂದು ಕಾಣು" ಎಂದಷ್ಟೇ ಹೇಳಿ ಒಳಗೆ ಹೋದರು. ಅಮ್ಮಾವ್ರು ತಟ್ಟೆ ತೆಗೆದುಕೊಂಡು ಅವರ ಹಿಂದೆಯೇ ಹೋದರು. ನಾವು ಅಂಗಳದಲ್ಲಿ ನಿಂತೆವು. ತಟ್ಟೆ ಖಾಲಿ ಬಂದರೆ ನಮ್ಮ ಮನೆ ಹೋಯಿತೆಂದೇ ಲೆಕ್ಕ ಹಾಕಿ ನಾನು ಒಳಗೊಳಗೇ ಅಳುತ್ತಿದ್ದೆ. ಅಮ್ಮಾವ್ರು ಕಿತ್ತಳೆ ತುಂಬಿಸಿಯೇ ತಂದರು. ಬಾಟಲಿ ಮಾತ್ರ ವಾಪಸು ಬರಲಿಲ್ಲ.

ವಾರದೊಳಗೆ ಸಾಹುಕಾರರು ಪಲ್ಪರ್ ನೀರಿಗೆ ಗುಂಡಿ ತೋಡಿಸಿದರು, ನಮ್ಮ ಬಾವಿಯಿಂದ ಕೆಳಗಿನ ಲೈನಿಗೆ ಪೈಪು ಬಂತು. ಸುಧಾ ಮತ್ತೆ ಕುಂಟೆಬಿಲ್ಲೆಗೆ ಬಂದಳು, ಮೊದಲಿನಂತೆ ಮೋಸ ಆಡಿದಳು. ಮನೆ ಉಳಿಯಿತು. ಆದರೆ ಪಪ್ಪನನ್ನು ಪಲ್ಪರಿನಿಂದ ತೆಗೆದು ಮರ ಹತ್ತಿ ಕೊಂಬೆ ಕಡಿಯುವ ಕೆಲಸಕ್ಕೆ ಹಾಕಿದರು. ಬೈಗಿಗೆ ಕೈಯೆಲ್ಲ ತರಚಿಕೊಂಡು ಬಂದು, ಅದೇ ಕೈ ಜೋಡಿಸಿ ಪ್ರಾರ್ಥನೆಗೆ ಕೂರುತ್ತಿದ್ದರು.

ಈಗ ನಾನಿರುವುದು ಹಾಸನದ ಅಪಾರ್ಟ್‌ಮೆಂಟಿನಲ್ಲಿ. ನಮಗೆಲ್ಲ ಫಿಲ್ಟರ್ ನೀರು. ಕಾವಲುಗಾರನ ಸಂಸಾರ ಗಿಡಕ್ಕೆ ಬಿಡುವ ತೊಟ್ಟಿಯ ನೀರನ್ನೇ ಕುಡಿಯುತ್ತದೆ. ನನಗದು ಗೊತ್ತು. ಸಂಜೆಯ ಪ್ರಾರ್ಥನೆ ಒಂದು ದಿನವೂ ತಪ್ಪಿಸಿಲ್ಲ. ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರ ಮನೆಗೆ ಪ್ರತಿ ಕ್ರಿಸ್ಮಸ್ಸಿಗೂ ಕುಸ್ವಾರ್ ಕಳಿಸುತ್ತೇನೆ. ಪಪ್ಪ ಬಾಟಲಿ ಇಟ್ಟ ಜಾಗದಲ್ಲಿ ಎರಡು ನೆವ್ರಿ ಹೆಚ್ಚಿಗೆ ಇಡುತ್ತೇನೆ.