ಸೋಪಿಲ್ಲದ ಗ್ಯಾರೇಜು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಯಲ್ಲಾಪುರದ ಹೆದ್ದಾರಿ ಬದಿಯ ಸಣ್ಣ ಗ್ಯಾರೇಜಿನ ಮುಂದೆ ಒಂದು ಕಾರು ಗುರುಗುಟ್ಟುತ್ತಿದೆ. ಬಾನೆಟ್ ಎತ್ತಿಟ್ಟು, ಕಣ್ಣು ಮುಚ್ಚಿ, ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ನಿಂತವರು ಮೆಕ್ಯಾನಿಕ್ ಅಲ್ಲಾವುದ್ದೀನ್. ಕಾರು ಹೆಗಡೆಕಟ್ಟಾದ ಶಶಾಂಕನದು. ಹುಬ್ಬಳ್ಳಿಯಲ್ಲಿ ಎಂಜಿನ್ನಿನ ಶಕ್ತಿ ಹೆಚ್ಚಿಸಿಕೊಂಡು ಬಂದಿದ್ದಾನೆ.

"ಹಾರ್ಸ್‌ಪವರ್ ಜಾಸ್ತಿ ಆಯ್ತಲ್ಲ, ಬೆಲ್ಟೂ ದಪ್ಪದ್ದು ಹಾಕಿಸ್ಬೇಕಾ ಅಲ್ಲಾವುದ್ದೀನಣ್ಣ?" ಎನ್ನುತ್ತಾನೆ.

ಅಲ್ಲಾವುದ್ದೀನ್ ಎಂಜಿನ್ ಆರಿಸಿ, ಬೆಲ್ಟನ್ನು ಬೆರಳಲ್ಲಿ ಒತ್ತಿ, ತಿರುವಿ, ಒಳಮೈಯ ಬಿರುಕು ಹುಡುಕುತ್ತಾರೆ. ಹಿಂದೊಮ್ಮೆ ಇದೇ ಪ್ರಶ್ನೆಗೆ ಥಟ್ಟನೆ "ಬೇಡ" ಎಂದುಬಿಟ್ಟಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅವರ ಅಪ್ಪ ಮರ ಸಾಗಿಸುವ ನಾಟಾ ಲಾರಿಯ ಡ್ರೈವರ್. ಮಗ ಆ ಲಾರಿಯ ಅಡಿಯಲ್ಲೇ ಮಲಗಿ ಕೆಲಸ ಕಲಿತವರು. ದಿನಕ್ಕೆ ನಾಲ್ಕೈದು ವಾಹನ ಬರುತ್ತವೆ. ಮಳೆಗಾಲದಲ್ಲಿ ಅಷ್ಟೂ ಇಲ್ಲ. ಬಂದವರಲ್ಲಿ ಹೆಚ್ಚಿನವರು ಹಳೆಯ ಪರಿಚಯದವರು. ಅಂಥವರಲ್ಲಿ ತ್ಯಾಗಲಿಯ ಗಣಪ ಹೆಗಡೆ ಒಬ್ಬರು.

ಗಣಪ ಹೆಗಡೆಯವರ ಡೀಸೆಲ್ ಜೀಪು ಏರಿನಲ್ಲಿ ಏದುಸಿರು ಬಿಡುತ್ತಿತ್ತು. ಅಲ್ಲಾವುದ್ದೀನ್ ಅದಕ್ಕೆ ಶಕ್ತಿ ಹೆಚ್ಚಿಸುವ ಟರ್ಬೊ ಕೂರಿಸಿದರು. ಹೊಸ ದೀಪಗಳಿಗೆಂದು ದೊಡ್ಡ ಡೈನಮೋವನ್ನೂ ಹಾಕಿದರು. ಬೆಲ್ಟೂ ಬದಲಿಸಬೇಕೇ ಎಂದು ಹೆಗಡೆಯವರು ಕೇಳಿದರೂ ಅದು ಮಾತ್ರ ಹಳೆಯದೇ ಉಳಿಯಿತು. "ಎಂಜಿನ್ ಪವರ್ ಹೋಗೋದು ಚಕ್ರಕ್ಕೆ, ಬೆಲ್ಟಿಗಲ್ಲ ಹೆಗಡೇರೆ, ಅಂದಿದ್ದೆ. ಅದೇನು ಸುಳ್ಳಲ್ಲ. ಆದ್ರೆ ಆ ಬೆಲ್ಟಿಗೇ ದೊಡ್ಡ ಡೈನಮೋ ನೇತುಹಾಕಿದವನು ನಾನೇ ಅಲ್ವಾ? ಅದು ತಲೆಗೇ ಬರ್ಲಿಲ್ಲ" ಎನ್ನುತ್ತಾರೆ ಅಲ್ಲಾವುದ್ದೀನ್ ಈಗ.

ವಾರ ಕಳೆಯುವಷ್ಟರಲ್ಲಿ ಬೆಲ್ಟು ಹೊರೆ ತಾಳದೆ ಜಾರುತ್ತ ಕಿರುಗುಡತೊಡಗಿತು. ಇಲ್ಲಿನ ಗ್ಯಾರೇಜುಗಳಲ್ಲಿ ಅದಕ್ಕೊಂದು ಹಳೆಯ ಮದ್ದಿದೆ: ಬಟ್ಟೆ ತೊಳೆಯುವ ಸೋಪಿನ ತುಂಡು. ತಿರುಗುವ ಬೆಲ್ಟಿಗೆ ಮುಟ್ಟಿಸಿದರೆ ಸದ್ದು ನಿಲ್ಲುತ್ತದೆ, ಗಿರಾಕಿ ನಗುತ್ತಾನೆ. ಅಲ್ಲಾವುದ್ದೀನ್ ಕೂಡ ಸೋಪು ಹಚ್ಚಿ, "ಹೋಗಿ ಬನ್ನಿ" ಎಂದು ಕಳಿಸಿದರು.

ಸದ್ದು ನಿಂತಿತ್ತು, ಬೆಲ್ಟು ಜಾರುವುದು ನಿಂತಿರಲಿಲ್ಲ. ಗಣಪರ ಹೆಂಡತಿ ರಾಜೀವಿಯವರ ತಾಯಿ ಯಲ್ಲಾಪುರದ ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆಯುತ್ತಿದ್ದ ದಿನ, ಇಬ್ಬರೂ ಅದೇ ಜೀಪಿನಲ್ಲಿ ಹೊರಟರು. ಶಿರಸಿ ದಾಟಿದ ಮೇಲಿನ ಏರಿನಲ್ಲಿ ಬೆಲ್ಟು ಹರಿಯಿತು. ಅದೇ ತಿರುಗಿಸುತ್ತಿದ್ದ ನೀರಿನ ಪಂಪು ನಿಂತು, ಎಂಜಿನ್ನಿಗೆ ನೀರು ಓಡದೆ, ಕಾದು, ಹಬೆಯುಗುಳಿ ಜೀಪು ನಿಂತಿತು. ಬಸ್ಸಿಗೆ ಕಾದು ಅವರು ಆಸ್ಪತ್ರೆ ಮುಟ್ಟುವಾಗ ತಾಯಿಯ ಮುಖಕ್ಕೆ ಬಟ್ಟೆ ಮುಚ್ಚಿಯಾಗಿತ್ತು.

"ರಾಜೀವಕ್ಕ ಬೈದಿದ್ರೆ ಚಲೋ ಇತ್ತು" ಎನ್ನುತ್ತಾರೆ ಅಲ್ಲಾವುದ್ದೀನ್. ಅವರು ಬೈಯಲಿಲ್ಲ. "ಬೆಲ್ಟು ಪಾಪ ಕೂಗಿ ಹೇಳ್ತಾ ಇತ್ತು ಅಲ್ಲಾವುದ್ದೀನಣ್ಣ. ನಾವೇ ಬಾಯಿ ಮುಚ್ಚಿಸಿದ್ದು" ಎಂದಷ್ಟೇ ಹೇಳಿ ಹೋದರು. ಆ 'ನಾವೇ' ಎಂಬ ಮಾತು ಇವರನ್ನು ಇಂದಿಗೂ ಸುಡುತ್ತಿದೆ.

ಅಂದಿನಿಂದ ಈ ಗ್ಯಾರೇಜಿಗೆ ಸೋಪಿನ ಪ್ರವೇಶವಿಲ್ಲ. ಗ್ರೀಸು ಹತ್ತಿದ ಕೈ ಉಜ್ಜಿಕೊಳ್ಳಲು ಮರದ ಹೊಟ್ಟು ಮಾತ್ರ ಗತಿ. "ಊರಿಗೊಂದೇ ಇಂಥ ಗ್ಯಾರೇಜು. ಇವರ ಅಂಗಿ ಒಗೆದು ನನ್ನ ರಟ್ಟೆ ಬಿತ್ತು" ಎಂದು ಹೆಂಡತಿ ರೋಷನ್ ಬೀ ಗೊಣಗುತ್ತಾರೆ, ಗ್ಯಾರೇಜಿನಲ್ಲಿ ಸೋಪು ತಂದಿಡಲು ಮಾತ್ರ ಹೋಗುವುದಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಎಂದು ನಗುವವರಿದ್ದಾರೆ. ನಗಲಿ.

ಶಶಾಂಕನಿಗೆ ಈಗ ಉತ್ತರ ಸಿಗುತ್ತದೆ. "ಪವರ್ ಏರ್ತು ಅಂತ ದಪ್ಪದ್ದು ಬೇಕಾಗಿಲ್ಲ. ಬೆಲ್ಟಿಗೆ ಹೊಸದಾಗಿ ಏನೂ ನೇತುಹಾಕಿಲ್ಲ, ನೋಡ್ದೆ. ಆದ್ರೆ ಇದು ಬಿರುಕು ಬಿಟ್ಟಿದೆ. ಇದೇ ಅಳತೆಯ ಹೊಸದು ಹಾಕ್ತೇನೆ, ಆಮೇಲೆ ಹೋಗು."

ಗಣಪರ ಜೀಪು ಈಗಲೂ ಇಲ್ಲಿಗೇ ಬರುತ್ತದೆ. ಬಂದಾಗಲೆಲ್ಲ ಅಲ್ಲಾವುದ್ದೀನ್ ಮೊದಲು ನೋಡುವುದು ಪಕ್ಕದ ಸೀಟನ್ನು, ಆಮೇಲೆ ಬೆಲ್ಟನ್ನು. ಸೀಟು ಖಾಲಿ. ಇವರು ಕೇಳದಿದ್ದರೂ ಗಣಪರೇ ಹೇಳುತ್ತಾರೆ: "ಅವಳು ಬಸ್ಸಿಗೆ ಬರ್ತಾಳೆ."

ನಿಮ್ಮದೇನಾದರೂ ಆಸೆ ಉಂಟೇ ಎಂದರೆ ಅಲ್ಲಾವುದ್ದೀನ್ ಕೈಯ ಹೊಟ್ಟು ಕೊಡವುತ್ತಾರೆ.

"ಎಂತ ಆಸೆ? ರಾಜೀವಕ್ಕ ಒಂದ್ಸಲ ಆ ಜೀಪಲ್ಲಿ ಕೂತು ಬರ್ಲಿ. ಬಂದು ಬೈದ್ರೂ ಅಡ್ಡಿಲ್ಲ."